ಐದನೇ ಪಾಠದ ಉತ್ತರ

ನಾಲ್ಕು ಗಂಟೆಗೆ ಸರಿಯಾಗಿ ಕೋರ್ಸಿನ ಮೇಡಂ ಲ್ಯಾಪ್‌ಟಾಪ್ ಪರದೆಯ ಮೇಲೆ ಬರುವವರಿದ್ದರು. ಅಷ್ಟರೊಳಗೆ, ಎಂಟು ವಾರಗಳಲ್ಲಿ ತಾನೇ ಬರೆದಿದ್ದ ಉತ್ತರಗಳನ್ನೆಲ್ಲ ಇಸ್ತ್ರಿಯವನು ಮೊದಲ ಸಲ ಓದಿ ಮುಗಿಸಬೇಕಿತ್ತು.

"ಸಂಬಳ ಬಂದ ದಿನವೇ ನಾನು ಉಳಿತಾಯವನ್ನು ತೆಗೆದಿಟ್ಟು, ಮಿಕ್ಕಿದ್ದರಲ್ಲಿ ಖರ್ಚು ಮಾಡುತ್ತೇನೆ," ಎಂದು ಗಟ್ಟಿಯಾಗಿ ಓದಿ ತಲೆಯೆತ್ತಿದ. "ಇದೆಲ್ಲ ಯಾವಾಗ ಮಾಡಿದೆ ನಾನು?"

"ಎರಡು ತಿಂಗಳಿಂದ ಮಾಡ್ತಿದ್ದೀರಿ," ಎಂದಳು ಹೆಂಡತಿ. "ಸಂಬಳದ ದಿನ ನಿಮ್ಮ ಕಾರ್ಡು ಯಾರ ಹತ್ರ ಇರುತ್ತೆ?"

"ಓಹೋ. ಒಳ್ಳೆಯವನಾಗಿದ್ದೀನಿ ಹಾಗಾದ್ರೆ."

"ಮುಂದೆ ಓದಿ. ನಾಲ್ಕನೇ ಪಾಠದಲ್ಲಿ ಇನ್ನೂ ಒಳ್ಳೆಯವರಾಗಿದ್ದೀರಿ. ಸಿಗರೇಟು ಬಿಟ್ಟಿದ್ದೀರಿ."

ಅವನು ಹನ್ನೆರಡು ವರ್ಷದಿಂದ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯ ಮುದುಕ ಕೈ ನಡುಗುವುದು ಹೆಚ್ಚಾಯಿತೆಂದು ಅಂಗಡಿಯನ್ನೂ ಉಗಿ ಯಂತ್ರವನ್ನೂ ಮಾರಲು ಹೊರಟಿದ್ದ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಯಾರು ಬಂದರೆ ಅವರಿಗೆ ಎಂದಿದ್ದ. ಸಹಕಾರ ಸಂಘ ಸಾಲ ಕೊಡಲು ಒಪ್ಪಿತ್ತು. ಆದರೆ ಸಾಲ ಕೇಳುವವರು ಮನೆಯ ಹಣ ನಿಭಾಯಿಸುವುದು ಹೇಗೆಂಬ ಎಂಟು ಪಾಠಗಳ ಆನ್‌ಲೈನ್ ಕೋರ್ಸು ಮುಗಿಸಿ, ಕೊನೆಗೆ ಪಾಠ ಹೇಳಿದವರ ಮುಂದೆ ಕಾಲು ಗಂಟೆ ಮಾತಾಡಬೇಕೆಂಬ ಷರತ್ತಿತ್ತು.

ಮೊದಲ ಪಾಠಕ್ಕೆ ಅವನೇ ಕೂತಿದ್ದ. ಪಾಳಿ ಮುಗಿಸಿ ಬಂದ ಮೈ. ಪರದೆಯ ಮೇಲಿನ ಮೇಡಂ ಹಣದುಬ್ಬರಕ್ಕೆ ಬರುವ ಹೊತ್ತಿಗೆ ಅವನ ಗಲ್ಲ ಎದೆಗೆ ತಾಗಿತ್ತು. ಹೆಂಡತಿ ಅವನ ಮುಂದಿನಿಂದ ಲ್ಯಾಪ್‌ಟಾಪ್ ಎಳೆದುಕೊಂಡಳು. ಅವಳಿಗೆ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೆಲಸ. ಒಂದು ತಂಡ ನೀರಿಗಿಳಿದರೆ ಮುಂದಿನದು ಬರುವವರೆಗೆ ನಲವತ್ತು ನಿಮಿಷ ಬಿಡುವು. ಮಿಕ್ಕ ಪಾಠಗಳನ್ನೆಲ್ಲ ಅವಳು ಅಲ್ಲೇ ಕೂತು ಕೇಳಿದಳು, ಗಂಡನ ಹೆಸರಿನಲ್ಲಿ ಉತ್ತರ ಬರೆದಳು. ಏಳು ಪಾಠಗಳಿಗೆ ಗಂಡನಿಗೆ ಹತ್ತಕ್ಕೆ ಹತ್ತು ಬಂದಿತ್ತು. ಒಂದಕ್ಕೆ ಮಾತ್ರ ಒಂಬತ್ತು. ಅದಕ್ಕಾಗಿ ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಈಗ ಅವನು ಓದುತ್ತ ಐದನೇ ಪಾಠಕ್ಕೆ ಬರುವಾಗ ಅವಳು ಎದ್ದು ಅಡುಗೆಮನೆಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುವ ಸದ್ದು ಕೇಳಿಸಿತು.

ಪ್ರಶ್ನೆ: ಮನೆಯವರಿಗೆ ತಿಳಿಯದಂತೆ ನೀವು ಮಾಡುವ ಖರ್ಚು ಯಾವುದು?

ಉತ್ತರ: ಪ್ರತಿ ತಿಂಗಳು ನನ್ನ ಅಕ್ಕನ ಫೋನಿಗೆ ರೀಚಾರ್ಜ್ ಮಾಡಿಸುತ್ತೇನೆ. ಅಕ್ಕನ ಜೊತೆ ನಾನು ಮಾತು ಬಿಟ್ಟಿದ್ದೇನೆ ಎಂದು ಹೆಂಡತಿಗೆ ಹೇಳಿದ್ದೇನೆ.

ಪ್ರಶ್ನೆ: ಅದನ್ನು ಯಾವಾಗ ನಿಲ್ಲಿಸುತ್ತೀರಿ?

ಉತ್ತರ: ಇದು ನಿಲ್ಲಿಸುವ ಖರ್ಚಲ್ಲ.

ಅವನು ಎರಡು ಸಲ ಓದಿದ. ಆರು ವರ್ಷದ ಹಿಂದೆ ಹೆಂಡತಿಗೆ ಆಪರೇಷನ್ ಆದಾಗ ಅಕ್ಕ ಹದಿನೈದು ದಿನ ಬಂದು ನೋಡಿಕೊಂಡಿದ್ದಳು. ಹೋದವಳು ಸುಮ್ಮನಿರಲಿಲ್ಲ. "ನನ್ನ ತಮ್ಮ ದುಡಿದಿದ್ದನ್ನೆಲ್ಲ ಅವಳು ನೀರು ಚೆಲ್ಲಿದ ಹಾಗೆ ಚೆಲ್ಲುತ್ತಾಳೆ, ಅವಳ ಕೈಗೆ ದುಡ್ಡು ಸಿಕ್ಕರೆ ಮುಗಿಯಿತು" ಎಂದು ಬಳಗಕ್ಕೆಲ್ಲ ಸಾರಿದಳು. ಆ ಮಾತು ನಾಲ್ಕು ಬಾಯಿ ದಾಟಿ ಮನೆಗೆ ಬಂತು. ಅವತ್ತಿನಿಂದ ಹೆಂಡತಿ ಅಕ್ಕನ ಹೆಸರೆತ್ತಿಲ್ಲ. ತಾನೂ ಮಾತು ಬಿಟ್ಟೆ ಎಂದು ಅವನು ಅವತ್ತೇ ಹೇಳಿದ್ದ.

"ಏನೇ ಇದು?" ಎಂದ, ಕೂತಲ್ಲಿಂದಲೇ.

"ಏನು?" ನಲ್ಲಿ ನಿಲ್ಲಲಿಲ್ಲ.

"ಐದನೇದು."

"ನಿಮ್ಮ ಫೋನು ಒಗೆಯೋ ತೊಟ್ಟಿಗೆ ಬಿತ್ತಲ್ಲ, ಐದು ವರ್ಷದ ಹಿಂದೆ? ಆಗ ಬ್ಯಾಂಕಿಗೆ ನನ್ನ ನಂಬರ್ ಕೊಟ್ರಿ. ಆಮೇಲೆ ಬದಲಾಯಿಸಲೇ ಇಲ್ಲ. ನಿಮ್ಮ ಖಾತೆಯಿಂದ ಏನೇ ಹೋದ್ರೂ ಸಂದೇಶ ನನಗೇ ಬರುತ್ತೆ, ನಿಮ್ಮಕ್ಕನ ನಂಬರ್ ಸಮೇತ."

"ಐದು ವರ್ಷದಿಂದ?"

"ಪ್ರತಿ ತಿಂಗಳು ಏಳನೇ ತಾರೀಕು."

"ಮತ್ತೆ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನಿಲ್ಲಿಸ್ತಿದ್ರಿ." ನಲ್ಲಿ ನಿಂತಿತು. "ನಾಲ್ಕಕ್ಕೆ ಐದು ನಿಮಿಷ ಇದೆ. ಕಾಲರ್ ಸರಿ ಮಾಡ್ಕೊಳ್ಳಿ. ಊರಿಗೆಲ್ಲ ಇಸ್ತ್ರಿ ಹಾಕೋರು ನೀವು."

ಮೇಡಂ ಕನ್ನಡಕ ಹಾಕಿದ, ಬಾಬ್ ಕೂದಲಿನ, ಚುರುಕು ಹೆಂಗಸು. ಹೆಂಡತಿ ಪರದೆಯ ಹಿಂದೆ, ಕ್ಯಾಮೆರಾಗೆ ಕಾಣದ ಹಾಗೆ, ಸ್ಟೂಲ್ ಎಳೆದುಕೊಂಡು ಕೂತಳು. ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಚೀಟಿಗಳು. ಆಪತ್ಕಾಲದ ನಿಧಿ ಎಷ್ಟು ತಿಂಗಳಿಗೆ ಎಂದು ಮೇಡಂ ಕೇಳಿದಾಗ 'ಆರು' ಎಂಬ ಚೀಟಿ ಮೇಲೆದ್ದಿತು. ಅವನು ಆರು ಎಂದ. ಎರಡನೇ ಪ್ರಶ್ನೆಗೂ ಚೀಟಿ ಎದ್ದಿತು.

"ನಿಮ್ಮ ಉತ್ತರ ಓದೋದು ನನಗೆ ಖುಷಿ ಕೊಡ್ತಿತ್ತು," ಎಂದರು ಮೇಡಂ. "ನೂರಾರು ಜನ ಐದನೇ ಪಾಠಕ್ಕೆ ಗುಟ್ಟಿನ ಖರ್ಚು ಏನೂ ಇಲ್ಲ ಅಂತ ಬರೀತಾರೆ. ನೀವು ನಿಜ ಬರೆದ್ರಿ. ಆದ್ರೆ ಕೋರ್ಸು ಮುಗಿಯೋದ್ರೊಳಗೆ ಮನೇಲಿ ಹೇಳಬೇಕು ಅಂದಿದ್ದೆ. ನಿಮ್ಮ ಮನೆಯವರಿಗೆ ಹೇಳಿದ್ರಾ?"

ಇದಕ್ಕೆ ಚೀಟಿ ಇರಲಿಲ್ಲ. ಹೆಂಡತಿ ಮಡಿಲಲ್ಲಿದ್ದ ಚೀಟಿಗಳನ್ನು ತಿರುವಿ ಹಾಕಿದಳು, ಆಮೇಲೆ ಬರಿದೇ 'ಹೌದು' ಎನ್ನುವಂತೆ ತಲೆಯಾಡಿಸಿದಳು. ಒಂದು ಹೌದು ಎಂದರೆ ಸಾಕಿತ್ತು. ಅಂಗಡಿ ಕೈಗೆ ಬರುತ್ತಿತ್ತು.

"ಹೇಳಿಲ್ಲ ಮೇಡಂ. ಅದನ್ನು ಬರೆದಿದ್ದು ಅವಳೇ."

ಹೆಂಡತಿ ಹಣೆಗೆ ಕೈ ಹೊಡೆದುಕೊಂಡಳು. ಸದ್ದು ಮೇಡಂಗೂ ಕೇಳಿಸಿರಬೇಕು.

"ಅಂದ್ರೆ?"

"ಎಂಟೂ ಪಾಠ ಅವಳದೇ. ನಾನು ಮೊದಲನೇದರಲ್ಲೇ ಗೊರಕೆ ಹೊಡೆದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರನ್ನ ಮುಂದೆ ಬರೋಕೆ ಹೇಳಿ."

ಹೆಂಡತಿ ಸೆರಗು ಸರಿ ಮಾಡಿಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಚೀಟಿಗಳು ಇನ್ನೂ ಕೈಯಲ್ಲೇ ಇದ್ದವು. ಮೇಡಂ ಬಡ್ಡಿ ಲೆಕ್ಕ ಕೇಳಿದರು, ಅಂಗಡಿ ನಷ್ಟದಲ್ಲಿ ನಡೆದರೆ ಕಂತು ಹೇಗೆ ಕಟ್ಟುತ್ತೀರಿ ಎಂದು ಕೇಳಿದರು. ಅವಳು ಚೀಟಿ ನೋಡದೆ ಹೇಳಿದಳು. ಮಧ್ಯದಲ್ಲಿ ಒಂದು ಕಡೆ ಮೇಡಂ ಅವರ ಲೆಕ್ಕವನ್ನೇ ತಿದ್ದಿದಳು.

"ನೋಡಿ," ಎಂದರು ಮೇಡಂ ಕೊನೆಗೆ, ಅವನ ಕಡೆ. "ಪಾಠ ಕಲಿತವರಿಗೆ ಮಾತ್ರ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದವರಿಗೆ ಮಾತ್ರ ಸಾಲ. ನಿಮಗೇ ಬೇಕು ಅಂದ್ರೆ ಮತ್ತೆ ಎಂಟು ವಾರ ಕೂರಿ. ಇಲ್ಲಾ, ಇವರೂ ಸಂಘದ ಸದಸ್ಯರಾಗಿದ್ರೆ ಸೋಮವಾರ ಅರ್ಜಿ ಬದಲಾಯಿಸಿ ಕೊಡಿ. ಆಗ ಅಂಗಡಿ, ಯಂತ್ರ ಎಲ್ಲ ಇವರ ಹೆಸರಲ್ಲಿರುತ್ತೆ. ನೀವು ಜಾಮೀನು ಹಾಕಬೇಕು. ಯೋಚನೆ ಮಾಡಿ."

"ಸದಸ್ಯಳೇ ಮೇಡಂ," ಎಂದ ಅವನು. "ಅವಳ ಹೆಸರಿಗೇ ಮಾಡಿ."

ಪರದೆ ಕಪ್ಪಾಯಿತು. ಅದರಲ್ಲಿ ಇಬ್ಬರ ಮುಖವೂ ಕಂಡಿತು.

"ನೀವು ಅಲ್ಲಿ ಕೆಲಸದವರು ಹಾಗಾದ್ರೆ," ಎಂದಳು ಅವಳು.

"ಸಂಬಳ ಎಷ್ಟು ಕೊಡ್ತೀಯ?"

"ಮೊದಲು ಉಳಿತಾಯ ತೆಗೆದಿಟ್ಟು ನೋಡೋಣ."

ಮೇಜಿನ ಮೇಲೆ ಅವನ ಫೋನು ಅದುರತೊಡಗಿತು. ಇವತ್ತು ಮಾತುಕತೆ ಇದೆಯೆಂದು ಅಕ್ಕನಿಗೆ ಅವನೇ ಹೇಳಿದ್ದ. ಫೋನು ಹಿಡಿದು ಅವನು ಎದ್ದು ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿ, ನಿಂತ. ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂತ. ಹೆಂಡತಿ ಕಿಟಕಿಯ ಹೊರಗಿನ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯಲು ಹೋದಳು. ಬಿಡಿಸಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡಳು.

"ಹ್ಞೂಂ ಅಕ್ಕಾ, ಮನೇಲೇ ಇದ್ದೀನಿ," ಎಂದ ಅವನು. "ಆಯ್ತು, ಸಾಲ ಸಿಗುತ್ತೆ. ಅಂಗಡಿನೂ ಆಗುತ್ತೆ. ನನ್ನ ಹೆಸರಿಗಲ್ಲ."

ಅಕ್ಕನ ದನಿ ಮೊದಲಿನಿಂದಲೂ ದೊಡ್ಡದು. ಕಿವಿಗೆ ಒತ್ತಿ ಹಿಡಿದರೂ ಕೋಣೆಗೆಲ್ಲ ಕೇಳುತ್ತಿತ್ತು.

"ಮತ್ಯಾರ ಹೆಸರಿಗೋ?"

ಕಿಟಕಿಯ ಹತ್ತಿರ, ನಾಲ್ಕು ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅರ್ಧ ಬಿಡಿಸಿದ ಟವೆಲನ್ನು ಹಿಡಿದು, ಅವಳು ಹಗ್ಗದ ಮೇಲಿಟ್ಟ ಕೈಯನ್ನು ಅಲ್ಲೇ ನಿಲ್ಲಿಸಿದ್ದಳು.