ಚೌಕದೊಳಗೆ ಬಿದ್ದವರು

"ಏ ಮುದಿಗೂಬೆ, ಕಾಲಡಿ ನೋಡ್ಕೊಂಡು ನಡಿ! ನೀನು ಸತ್ರೆ ಇನ್ನೊಬ್ಳು ಸಿಗ್ತಾಳೆ, ಆ ಹುಲ್ಲು ಸತ್ರೆ ಎಲ್ಲಿಂದ ತರ್ಲಿ?"

ಸಾಹೇಬರು ಬೈದದ್ದು ಚೌಕದಜ್ಜಿಯನ್ನು. ಕೆರೆಯಂಚಿನಲ್ಲಿ ಏನೇನು ಜೀವ ಇದೆಯೆಂದು ಎಣಿಸಿ, ಉಳಿಸುವುದನ್ನು ಹಸಿರು ಹಾಳೆಗೂ ಕೀಳುವುದನ್ನು ಕೆಂಪು ಹಾಳೆಗೂ ಬರೆಯುವುದು ಅವರ ಕೆಲಸ. ನಡುವೆ ಖಾಲಿಯಿರುವ ಗಜದಗಲದ ಮರದ ಚೌಕವನ್ನು ಕಣ್ಣು ಮುಚ್ಚಿ ಬೆನ್ನ ಹಿಂದಕ್ಕೆ ಎಸೆಯುವುದು ಅಜ್ಜಿಯ ಕೂಲಿ. ಕಣ್ಣು ಬಿಟ್ಟು ಎಸೆದರೆ ಲೆಕ್ಕ ಕೆಡುತ್ತದಂತೆ! ಚೌಕ ಬಿದ್ದ ಮೇಲೆ, ಒಳಗಿದ್ದುದನ್ನು ಎಣಿಸಿ ಮುಗಿಸುವವರೆಗೆ ಒಂದು ಇರುವೆಯನ್ನೂ ಅಲ್ಲಾಡಿಸುವಂತಿಲ್ಲ.

ಮೊನ್ನೆ ಅದು ಸಗಣಿಯ ಮೇಲೆ ಬಿತ್ತು. ಸಾಹೇಬರು ಹೊಟ್ಟೆಯಡಿಯಾಗಿ ಮಲಗಿ, ಹದಿನೇಳು ಸಗಣಿಹುಳಗಳನ್ನು "ಬಾ ಕಂದ, ಬಾ" ಎಂದು ಕರೆದು ಎಣಿಸಿದರು. ಆರು ತಿಂಗಳಿಂದ ಚೌಕ ಹೊತ್ತವಳಿಗೆ ಒಂದು ದಿನ "ನೀರು ಕುಡಿದ್ಯಾ" ಎಂದು ಕೇಳಿದವರಲ್ಲ, ಪುಣ್ಯಾತ್ಮರು!

ಇವತ್ತು ಚೌಕ ಹೋಗಿ ಬಿದ್ದದ್ದು ಅಜ್ಜಿಯದೇ ಗುಡಿಸಲ ಹಿಂದೆ, ಬಚ್ಚಲ ನೀರು ನಿಲ್ಲುವ ಗುಂಡಿಗೆ. ಒಳಗೆ ಹನ್ನೊಂದು ಪುಟಾಣಿ ಕಪ್ಪೆಗಳು. ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಈ ಕಪ್ಪೆ ಇನ್ನೆಲ್ಲೂ ಇಲ್ಲವಂತೆ. ಫೋನಿನಲ್ಲಿ ಮೇಲಿನವರಿಗೆ ಕೂಗಿ ಹೇಳಿ, ಕೆಂಪು ಹಾಳೆ ತೆಗೆದು ಕಳೆಗಿಡಗಳ ಕೆಳಗೆ ಬರೆದರು: ಗುಡಿಸಲು ಒಂದು, ಜನ ಮೂರು.

"ನಾಳೆ ಖಾಲಿ ಮಾಡು. ಕಪ್ಪೆಗೆ ನೆಮ್ಮದಿ ಬೇಕು."

ಅಜ್ಜಿ ಗುಡಿಸಲ ಕಡೆ ತಿರುಗಿ ನೋಡಿದಳು. ಒಳಗೆ ಸೊಸೆ ಹೆತ್ತು ಹನ್ನೆರಡು ದಿನ.

"ಅಲ್ಲ ಸಾಹೇಬ್ರೆ, ಇಪ್ಪತ್ತು ವರ್ಷದಿಂದ ನಾವು ಮಿಂದ ನೀರಲ್ಲೇ ಬದುಕಿರೋ ಕಪ್ಪೆ ಅದು. ಬೇಸಿಗೇಲಿ ಕೆರೆ ಒಣಗಿದ್ರೂ ಈ ಗುಂಡಿ ಒಣಗಲ್ಲ. ನಾವು ಹೋದ್ರೆ ದಿನಾ ಇಲ್ಲಿಗೆ ಬಂದು ಉಚ್ಚೆ ಹುಯ್ತೀರಾ?"

"ಬಾಯ್ಮುಚ್ಚು ಬೇವರ್ಸಿ! ನನಗೆ ಜೀವಶಾಸ್ತ್ರ ಹೇಳ್ಕೊಡ್ತೀಯಾ?"

ಮರುದಿನ ಬೆಳಗ್ಗೆ, ಕೆಂಪು ಹಾಳೆಯಲ್ಲಿದ್ದುದನ್ನು ಕೀಳುವ ಜೆಸಿಬಿ ಬಂತು. ಅಜ್ಜಿಯ ಪಿತ್ತ ನೆತ್ತಿಗೇರಿತು. ಚೌಕ ತಂದು ಬಾಗಿಲಿಗೆ ಅಡ್ಡ ಹಾಕಿ, ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ನಡುವೆ ಕುಳಿತಳು. ಡ್ರೈವರ್ ಗಕ್ಕನೆ ಗಾಡಿ ನಿಲ್ಲಿಸಿದ.

"ಯಾಕೋ ನಿಲ್ಸಿದೆ?"

"ಚೌಕ ಐತಲ್ಲ ಸಾರ್. ಚೌಕದ ಮೇಲೆ ಗಾಡಿ ಹತ್ತಿಸಿದ್ರೆ ಕೆಲಸದಿಂದ ತೆಗೀತೀನಿ ಅಂತ ನೀವೇ ಹೇಳಿದ್ರಿ."

"ಅದು ಹುಳಕ್ಕೆ ಕಣೋ, ಮುಠ್ಠಾಳ! ಏ ಮುದುಕಿ, ಏಳು."

"ಎಣಿಸ್ದೆ ಅಲ್ಲಾಡಿಸೋ ಹಾಗಿಲ್ಲ."

"ನಿನ್ನೆನೇ ಎಣಿಸಿದೀನಲ್ಲ!"

"ನಿನ್ನೆ ಚೌಕದ ಹೊರಗಿದ್ದೆ. ಮಲಗಿ ಸಾಹೇಬ್ರೆ, ಹೊಟ್ಟೆ ಮೇಲೆ ಮಲಗಿ ಎಣಿಸಿ. 'ಬಾ ಕಂದ' ಅನ್ನಿ."

ಡ್ರೈವರ್ ಕಿಸಕ್ಕೆಂದ. ಸಾಹೇಬರು ಹಲ್ಲು ಕಡಿದರು. ಹಾಗಂತ ಚೌಕ ಎತ್ತುವಂತೆಯೂ ಇಲ್ಲ. ನಿಯಮ ಮಾಡಿದವರು ಅವರೇ. ಕೊನೆಗೆ ತಡೆಯಲಾರದೆ ಮುನ್ನುಗ್ಗಿ ಅಜ್ಜಿಯ ರಟ್ಟೆಗೆ ಕೈ ಹಾಕಿದರು. ಅವರ ಕಂಕುಳಲ್ಲಿದ್ದ ಹಸಿರು, ಕೆಂಪು ಹಾಳೆಗಳ ಪುಸ್ತಕ ಪೆನ್ನಿನ ಸಮೇತ ಜಾರಿ ಬಿತ್ತು. ಮಗು ಕಿಟಾರನೆ ಕಿರುಚಿತು.

"ಅಯ್ಯಯ್ಯೋ, ಒಳಗೆ ಕಾಲಿಟ್ಬಿಟ್ರಲ್ಲ! ಅಲ್ಲಾಡ್ಬೇಡಿ," ಎಂದಳು ಅಜ್ಜಿ.

ಸಾಹೇಬರು ಬಗ್ಗಿ ಕಾಲು ನೋಡಿಕೊಂಡರು. ಎರಡೂ ಬೂಟು ಚೌಕದೊಳಗಿದ್ದವು. ಆರು ತಿಂಗಳು ಇನ್ನೊಬ್ಬರಿಗೆ ಹೇಳಿ ಹೇಳಿ ರೂಢಿಯಾಗಿತ್ತೋ ಏನೋ, ಅವರು ನಿಜಕ್ಕೂ ಅಲ್ಲಾಡದೆ ನಿಂತುಬಿಟ್ಟರು.

ಅಜ್ಜಿ ಪುಸ್ತಕ ಎತ್ತಿಕೊಂಡಳು. ಅಕ್ಷರ ಬಾರದು, ಬಣ್ಣ ಗೊತ್ತು. ಹಸಿರು ಹಾಳೆಯಲ್ಲಿ ಎರಡು ಗೀಟು ಎಳೆದಳು, ಒಂದು ತನಗೆ, ಒಂದು ಮೊಮ್ಮಗಳಿಗೆ. ಆಮೇಲೆ ಸಾಹೇಬರನ್ನು ತಲೆಯಿಂದ ಕಾಲಿನವರೆಗೆ ಸಾವಕಾಶವಾಗಿ ನೋಡಿ, ಕೆಂಪು ಹಾಳೆ ತೆರೆದು, ಕಳೆಗಿಡಗಳ ಕೆಳಗೆ ಇನ್ನೊಂದು ಗೀಟು ಎಳೆದಳು.

"ಎಣಿಸಾಯ್ತು ಡ್ರೈವರಣ್ಣ," ಎಂದಳು. "ಇನ್ನು ಕೀಳೋದು ಶುರುಮಾಡು."

ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ.