ಕಾಲುಚೀಲದೊಳಗಿನ ಸ್ಪ್ಯಾನರ್

ಊರು ಸುತ್ತಲು ಹೊರಟವರು ಯಾರಾದರೂ ಕಾಲುಚೀಲದೊಳಗೆ ಸ್ಪ್ಯಾನರ್ ಬಚ್ಚಿಟ್ಟುಕೊಂಡು ಬರುತ್ತಾರೆಯೇ? ನಮ್ಮ ಯಜಮಾನರು ಬಂದಿದ್ದರು. ಇವರದು ನಲ್ಲಿ, ಪೈಪು ರಿಪೇರಿಯ ಕೆಲಸ. ಹೊರಡುವ ಮುಂಚೆ ಸಾಮಾನಿನ ಚೀಲವನ್ನು ನಾನೇ ಕಿತ್ತುಕೊಂಡು ಅಟ್ಟದ ಮೇಲೆ ಎಸೆದಿದ್ದೆ. ಎರಡು ದಿನ ಲಾಡ್ಜಿನಲ್ಲಿದ್ದು ಊರು ನೋಡಿಕೊಂಡು ಬರೋಣ, ಯಾವ ನಲ್ಲಿಯನ್ನೂ ಮುಟ್ಟಕೂಡದು ಎಂದಿದ್ದೆ. ತಲೆಯಾಡಿಸಿದ್ದರು. ಈ ಮನುಷ್ಯ ತಲೆಯಾಡಿಸಿದ್ದನ್ನು ನಂಬಿ ನಾನು ಕೆಟ್ಟದ್ದು ಅದೇ ಮೊದಲಲ್ಲ.

ಊರು ನೋಡುವುದು ಬರೀ ನೆಪ. ಈ ಊರಿನಲ್ಲಿ ನಮ್ಮ ಮಗಳಿದ್ದಾಳೆ. ತನ್ನ ಮದುವೆಯ ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಅವತ್ತು ಬೆಳಿಗ್ಗೆ ಹೊಸ ಅಂಗಿ ತೊಟ್ಟು ಹೊರಟಿದ್ದ ಇವರನ್ನು ಬೀದಿಯವರು ಯಾರೋ ಬಂದು ಕರೆದರು, ಮನೆಯಲ್ಲಿ ಪೈಪು ಒಡೆದಿದೆ, ಒಂದು ನಿಮಿಷ ಬಂದು ಹೋಗಿ ಅಂತ. ಹೋದರು. ಇವರು ಬರುವ ಹೊತ್ತಿಗೆ ಮದುವೆಯೇ ಮುಗಿದು ಬಾಡಿಗೆ ಕುರ್ಚಿಗಳನ್ನು ಮಡಚುತ್ತಿದ್ದರು. ಹರಿಯುವ ನೀರು ಬಿಟ್ಟು ಹೇಗೆ ಬರಲಿ ಎಂದು ಮದುಮಗಳನ್ನೇ ಕೇಳಿದರು! ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಅವತ್ತಿನಿಂದ ನನ್ನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾಳೆ. ಅಪ್ಪನ ಮಾತೆತ್ತಿದರೆ ಸಾಕು, ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಫೋನು ಇಟ್ಟುಬಿಡುತ್ತಾಳೆ.

ನಾನು ಗೋಗರೆದು ಗೋಗರೆದು ಕೇಳಿದ ಮೇಲೆ ಕೊನೆಗೂ ಒಪ್ಪಿದಳು. ನೀವು ಇಳಿದುಕೊಂಡ ಕಡೆ ಮಾರನೇ ದಿನ ಬೆಳಿಗ್ಗೆ ನಾನೇ ಬರ್ತೀನಿ, ಅಪ್ಪ ಕೆಳಗೆ ಬಾಗಿಲಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಈ ಜನ್ಮದಲ್ಲಿ ಮತ್ತೆ ನನ್ನನ್ನು ಕೇಳಬೇಡ ಎಂದಳು. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳು.

ನಮಗೆ ಸಿಕ್ಕಿದ್ದು ಮೊದಲ ಮಹಡಿಯಲ್ಲಿ, ಬೀದಿ ಬಾಗಿಲಿನ ನೇರ ಮೇಲಿನ ಕೋಣೆ. ಹೊದಿಕೆಗೆ ಯಾರದೋ ತಲೆಗೆಣ್ಣೆಯ ವಾಸನೆ. ಬಿಸ್ಕತ್ತಿನಷ್ಟು ಸೋಪು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಆದರೆ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಇವರು ರಾತ್ರಿಯೆಲ್ಲ ಹೊರಳಾಡಿದರು. ಬೆಳಿಗ್ಗೆ ಎದ್ದವರೇ ನೀಟಾಗಿ ಗಡ್ಡ ಬೋಳಿಸಿ, ಮದುವೆಗೆಂದು ಹೊಲಿಸಿದ್ದ ಅದೇ ಅಂಗಿ ಹಾಕಿಕೊಂಡರು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಪಾಪ, ಇವರಿಗೂ ಮಗಳು ಬೇಕಾಗಿದೆ ಅಂದುಕೊಂಡೆ. ಹಾಗಂದುಕೊಂಡು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ನಿಂತದ್ದೇ ತಪ್ಪಾಯಿತು ನೋಡಿ, ಬಚ್ಚಲಿನಿಂದ ಕಬ್ಬಿಣದ ಸದ್ದು ಬಂತು.

ವಾಷರ್ ಸವೆದಿದೆ ಕಣೇ, ವಾಲ್ವ್ ಮುಚ್ಚಿದೀನಿ, ಒಂದೇ ನಿಮಿಷ ಎಂದರು. ಮತ್ತೆ ಆ ಒಂದು ನಿಮಿಷ! ನಾನು ಬಾಯಿ ತೆರೆಯುವಷ್ಟರಲ್ಲಿ ಲಾಡ್ಜಿನ ಹಳೇ ವಾಲ್ವ್ ಕೈಕೊಟ್ಟಿತು. ಬಿಚ್ಚಿದ ನಲ್ಲಿಯ ಜಾಗದಿಂದ ನೀರು ರಪ್ಪನೆ ಎದುರು ಗೋಡೆಗೆ ಬಡಿಯಿತು. ಟವೆಲ್ ಸುತ್ತಿದ ಅಂಗೈಯಿಂದ ಪೈಪಿನ ಬಾಯಿ ಅದುಮಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತರು. ನಾನು ಕೂಗಿದ್ದಕ್ಕೆ ಕೌಂಟರಿನವನು ಓಡಿ ಬಂದ. ಟ್ಯಾಂಕು ಬಂದ್ ಮಾಡಬೇಕೆಂದರೆ ತಾರಸಿಯ ಬೀಗದಕೈ ಓನರ್ ಹತ್ತಿರ ಇದೆಯಂತೆ. ನಮ್ಮಿಬ್ಬರಿಗೂ ಸರಿಯಾಗಿ ಬೈದು, ಓನರಿಗೆ ಫೋನು ಮಾಡುತ್ತ ಕೆಳಗಿಳಿದ.

ನಾನು ಕಿಟಕಿಗೆ ಓಡಿದೆ. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಸ್ವಲ್ಪ ಸೊರಗಿದ್ದಳು. ಅಪ್ಪ ಇರಬೇಕಾದ ಜಾಗದಲ್ಲಿ ಕೌಂಟರಿನವನು, ಕಿವಿಯಲ್ಲಿ ಫೋನು. ಅವಳು ಏನೋ ಕೇಳಿದಳು. ಅವರಾ, ಮೇಲೆ ಪೈಪು ಕಿತ್ತು ಹಾಕಿ ರಿಪೇರಿ ಮಾಡ್ತಾ ಕೂತಿದಾರೆ ಎಂದು ಅವನು ರೇಗಿದ್ದು ನನಗೂ ಕೇಳಿಸಿತು.

"ಇವತ್ತೂ ನಲ್ಲೀನಾ?" ಎಂದಳು. ನಕ್ಕಳು. "ನಿಧಾನಕ್ಕೆ ಮುಗಿಸ್ಲಿ ಬಿಡಿ" ಎಂದು ತಿರುಗಿ ನಡೆದಳು.

ನಾನು ಬಚ್ಚಲಿಗೆ ಬಂದು, ಬಂದಿದ್ದಳು, ಹೋಗುತ್ತಿದ್ದಾಳೆ ಎಂದೆ. ಇವರು ಒಮ್ಮೆ ಬಾಗಿಲ ಕಡೆ, ಒಮ್ಮೆ ಪೈಪಿನ ಕಡೆ ನೋಡಿದರು. ಬೆರಳ ಸಂದಿಯಿಂದ ನೀರು ಸೋರಿ ಅಂಗಿಯ ತೋಳು ಒದ್ದೆಯಾಗಿತ್ತು. ಕೈ ತೆಗೆದರೆ ಕೋಣೆಯೆಲ್ಲ ನೀರಾಗುತ್ತೆ, ನೀನು ಹೋಗಿ ತಡಿ ಎಂದರು.

ನನ್ನ ಕೈ ಅಲ್ಲಿಟ್ಟು ಅವರನ್ನೇ ಕಳಿಸಬಹುದಿತ್ತು. ಆ ಬುದ್ಧಿ ಹೊಳೆಯಿತು ಕೂಡ. ಇಡಲಿಲ್ಲ.

"ಇಷ್ಟು ದಿನ ನಿಮ್ಮ ಬದಲಿಗೆ ನಾನೇ ಹೋಗಿದ್ದಾಯ್ತು. ಇವತ್ತು ಹೋಗಲ್ಲ."

ಈ ಮನುಷ್ಯ ಇಷ್ಟು ವಯಸ್ಸಿನವರೆಗೂ ಸೋರುವ ನಲ್ಲಿಯನ್ನು ಹಾಗೇ ಬಿಟ್ಟು ಎದ್ದವರಲ್ಲ. ಊಟದ ನಡುವೆ ಎದ್ದು ಹೋಗಿದ್ದಾರೆ, ಜ್ವರದಲ್ಲಿ ಎದ್ದು ಹೋಗಿದ್ದಾರೆ. ಈಗಲೂ ಬಿಡುವುದಿಲ್ಲ ಎಂದೇ ನನಗನ್ನಿಸಿತು, ಮನಸ್ಸು ಕಲ್ಲಾಯಿತು.

ಆಗ ಕೈ ತೆಗೆದರು. ನೀರು ಮತ್ತೆ ಗೋಡೆಗೆ ಬಡಿದು ಚಾವಣಿಯವರೆಗೆ ಚಿಮ್ಮಿತು. ಚಪ್ಪಲಿ ಕೂಡ ಮೆಟ್ಟದೆ, ಟವೆಲ್ ಹಿಡಿದುಕೊಂಡೇ ಮೆಟ್ಟಿಲು ಇಳಿದು ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ನೀರು. ಕೌಂಟರಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದ.

ಬೀದಿಯ ತಿರುವಿನಲ್ಲಿ ಇವರು ಪುಟ್ಟಿ ಎಂದು ಕೂಗಿದರು. ಅವಳು ನಿಂತಳು. ತಿರುಗಿ ಆ ಅಂಗಿ ನೋಡಿದಳು, ಗುರುತು ಹಿಡಿದಳು. ನೆಲಕ್ಕೆ ತೊಟ್ಟಿಕ್ಕುತ್ತಿದ್ದ ಟವೆಲ್ ನೋಡಿದಳು. ಮುಖ ಮಾತ್ರ ಸಡಿಲವಾಗಲಿಲ್ಲ.

"ನೀರು ನಿಲ್ಸಿ ಬಂದ್ಯಾ?"

"ಇಲ್ಲ ಪುಟ್ಟಿ," ಎಂದರು ಇವರು, ಏದುಸಿರು ಬಿಡುತ್ತ. "ಹರೀತಾ ಇದೆ."

ಮದುವೆಯ ದಿನ ಅಳದವಳು ಅಲ್ಲೇ, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇವರು ಒದ್ದೆ ಕೈ ಅಂಗಿಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಅವಳ ಎದುರಿಗೆ ನಿಂತೇ ಇದ್ದರು. ಹಿಂದೆ ಲಾಡ್ಜಿನಿಂದ ಕೂಗಾಟ ಕೇಳುತ್ತಲೇ ಇತ್ತು. ಇವರು ಒಂದು ಸಲವೂ ಆ ಕಡೆ ತಿರುಗಿ ನೋಡಲಿಲ್ಲ.