ಬೂದು ಮರಳಿನ ಪೆಟ್ಟಿಗೆ

ದಾದಿ ಚೀಟಿಯಲ್ಲಿ ಬರೆದುಕೊಟ್ಟದ್ದು ಒಂದೇ ಸಂಖ್ಯೆ: ಇಪ್ಪತ್ತಾರು. ಹತ್ತು ದಾಟಿದರೇ ಆತಂಕ ಎಂದೂ ಅವಳೇ ಹೇಳಿದಳು. ವರ್ಲಿನ್‌ನ ಹೆಗಲ ಮೇಲೆ ನಿದ್ದೆಹೋಗಿದ್ದ ನಾಲ್ಕು ವರ್ಷದ ಮೊಮ್ಮಗಳು ಜೊಲೀನಳ ರಕ್ತದಲ್ಲಿ ಸೇರಿದ್ದ ಸೀಸದ ಲೆಕ್ಕ ಅದು.

"ಔಷಧ ಕೊಡಮ್ಮ ಮತ್ತೆ."

"ಇಷ್ಟಕ್ಕೆ ಔಷಧ ಕೊಡಲ್ಲ, ಯಜಮಾನ್ರೇ. ಸೀಸದಿಂದ ಮಿದುಳಿಗೆ ಆಗಿರೋ ಪೆಟ್ಟು ವಾಪಸ್ ಸರಿಹೋಗಲ್ಲ. ಇನ್ನು ಸೇರದ ಹಾಗೆ ನೋಡ್ಕೊಳ್ಳಿ. ಮಗು ಎಲ್ಲಿ ಆಡುತ್ತೆ?"

ವರ್ಲಿನ್‌ಗೆ ಹಿತ್ತಲಿನ ಮರಳು ನೆನಪಾಯಿತು.

ಮಿಸೌರಿಯ ಆ ಸೀಸದ ಸೀಮೆಯಲ್ಲಿ ಮೊಮ್ಮಗು ಹುಟ್ಟಿದರೆ, ಅಜ್ಜನಾದವನು ಗಣಿಯ ಗುಡ್ಡದಿಂದ ಬೂದು ಮರಳು ತಂದು, ಮಗು ಆಡಲೆಂದು ಹಿತ್ತಲಿನ ಮರದ ಪೆಟ್ಟಿಗೆಗೆ ಸುರಿಯುವುದು ವಾಡಿಕೆ. ಅದಿರು ಕುಟ್ಟಿ ಸೀಸ ತೆಗೆದ ಮೇಲೆ ಉಳಿದ ಪುಡಿ ಅದು; ತೆಗೆಯಲಾಗದ ಸೀಸ ಅದರಲ್ಲೇ ಉಳಿದಿರುತ್ತಿತ್ತು. ಗಣಿ ಮುಚ್ಚಿ ಇಪ್ಪತ್ತು ವರ್ಷವಾದರೂ ಗುಡ್ಡ ಊರ ನೆತ್ತಿಯ ಮೇಲೇ ಕೂತಿತ್ತು. ವರ್ಲಿನ್ ಖುಷಿಯಲ್ಲಿ ತನ್ನ ಸಣ್ಣ ಟ್ರಕ್ಕಿನ ತುಂಬ ತಂದು ಸುರಿದಿದ್ದ. ಸರ್ಕಾರ ಸೀಸದ ಅದಿರನ್ನು ರಾಜ್ಯದ ಅಧಿಕೃತ ಖನಿಜವೆಂದು ಸಾರಿದಾಗ, ಶಾಲೆಯ ಗಾಜಿನ ಕಪಾಟಿಗೆ ಹೊಳೆಯುವ ಕಲ್ಲು ಕೊಟ್ಟವನೂ ಅವನೇ. ಕಲ್ಲಿಗೆ ಪಟ್ಟ ಕಟ್ಟಿದ ಮಹಾನುಭಾವರು ಪುಡಿಯ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ.

ಮನೆಗೆ ಬಂದವನೇ ಮಗುವನ್ನು ಒಳಗೆ ಮಲಗಿಸಿ ಸಲಿಕೆ ಹಿಡಿದ. ಪೆಟ್ಟಿಗೆಯ ಮರಳನ್ನೆಲ್ಲ ಟ್ರಕ್ಕಿಗೆ ತುಂಬಿದ. ಗಣಿಯಲ್ಲಿ ಜೊತೆಗಿದ್ದ ಓರಲ್ ಬೇಲಿಯಾಚೆಯಿಂದ ನಕ್ಕ.

"ಏನೋ, ಗುಡ್ಡಕ್ಕೇ ವಾಪಸ್ ಹಾಕ್ತೀಯಾ? ನಾಳೆ ಗಾಳಿ ಬೀಸಿದ್ರೆ ಅದೇ ಮನೆ ಹುಡುಕ್ಕೊಂಡು ಬರುತ್ತೆ."

"ಬಾಯ್ಮುಚ್ಚೋ. ಮಗೂ ರಕ್ತಕ್ಕೆ ಸೇರಿದೆ ಇದು."

ಓರಲ್‌ನ ನಗು ಅಡಗಿತು. "ಹಂಗಾದ್ರೆ ನಿನ್ನ ಟ್ರಕ್ ಯಾವುದರ ಮೇಲೆ ನಿಂತಿದೆ, ನೋಡ್ಕೊಂಡ್ಯಾ?"

ವರ್ಲಿನ್ ನೋಡಿದ. ಗೇಟಿನಿಂದ ಮೆಟ್ಟಿಲವರೆಗೆ ಹಾಸಿದ್ದೂ ಅದೇ ಮರಳು. ಬೀದಿಗೂ ಅದೇ, ಚರ್ಚಿನ ಅಂಗಳಕ್ಕೂ ಅದೇ. ಒಬ್ಬ ಮುದುಕ, ಒಂದು ಸಲಿಕೆ. ಎಲ್ಲಿಂದ ಎಲ್ಲಿಗೆ ಬಾಚುವುದು?

ಅಷ್ಟರಲ್ಲಿ ಜೊಲೀನ್ ಎದ್ದು ಹೊರಗೆ ಬಂದಳು. ಬರಿದಾದ ಪೆಟ್ಟಿಗೆಯನ್ನು ಕಂಡಳು.

"ನನ್ನ ಮರಳು ಯಾಕೆ ತೆಗೆದೆ, ತಾತ? ನಾನು ತುಂಬಾ ಗಲಾಟೆ ಮಾಡಿದ್ನಾ?"

"ಇಲ್ಲ ಪುಟ್ಟಿ, ನಿಂದೇನೂ ತಪ್ಪಿಲ್ಲ..."

ಅವಳಿಗೆ ಅಳು ಉಕ್ಕಿ ಬಂತು. ಎರಡೂ ಕೈ ಚಾಚಿ ಓಡಿ ಬಂದಳು. ಎತ್ತಿಕೊಳ್ಳಲು ಬಾಗಿದ ವರ್ಲಿನ್ ತನ್ನ ತೋಳುಗಳನ್ನು ನೋಡಿಕೊಂಡ. ತೋಳು, ಅಂಗಿ, ಅಂಗೈಯ ಗೆರೆಗಳೆಲ್ಲ ಬೂದು ಪುಡಿ.

"ಅಲ್ಲೇ ನಿಲ್ಲು! ಹತ್ರ ಬರಬೇಡ!"

ಹುಟ್ಟಿದಾಗಿನಿಂದ ತಾತ ಅವಳನ್ನು ಗದರಿಸಿದ್ದೇ ಇಲ್ಲ. ಮಗು ನಿಂತಲ್ಲೇ ನಿಂತಿತು. ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡಿತು.

"ಇನ್ಮೇಲೆ ಜಾಣೆ ಆಗಿರ್ತೀನಿ, ತಾತ," ಎಂದಿತು.